ನಿಶೆಲ್ ನಿಕೋಲ್ಸ್ ಹೋಗಿಬಿಟ್ಟರು. ಉಹುರಾಳನ್ನು ನೀವು ಮೊದಲು ನೋಡಿದ್ದು ಎಲ್ಲಿ?

ಒಂಟಿಕೊಪ್ಪಲು · 1 ಆಗಸ್ಟ್ 2022, ಬೆಳಗ್ಗೆ

ಕಾಫಿ ಲೋಟ ಹಿಡಿದು ಫೋನ್ ತೆರೆದರೆ ಮೊದಲು ಕಂಡದ್ದು ಈ ಸುದ್ದಿ. ನಿಶೆಲ್ ನಿಕೋಲ್ಸ್ ಇನ್ನಿಲ್ಲ. ಜುಲೈ 30ರ ರಾತ್ರಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಿಲ್ವರ್ ಸಿಟಿಯಲ್ಲಿ ತೀರಿಕೊಂಡರಂತೆ. 89 ವರ್ಷ. ಮಗ ಕೈಲ್ ಜಾನ್ಸನ್ ತಿಳಿಸಿದ್ದಾರೆ. ಕೆಲವು ವರ್ಷಗಳಿಂದ ಮರೆವಿನ ಕಾಯಿಲೆ ಇತ್ತು. ಒಂದು ದಿನ ಬರುವ ಸುದ್ದಿಯೇ ಇದು. ಆದರೂ ಕಾಫಿ ಹಾಗೇ ಆರಿಹೋಯಿತು.

ಹೆಸರು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಟಾರ್ ಟ್ರೆಕ್ ಧಾರಾವಾಹಿಯ ಲೆಫ್ಟಿನೆಂಟ್ ಉಹುರಾ. ಎಂಟರ್‌ಪ್ರೈಸ್ ಅನ್ನುವ ಅಂತರಿಕ್ಷ ಹಡಗಿನಲ್ಲಿ, ಕ್ಯಾಪ್ಟನ್ ಕುರ್ಚಿಯ ಹಿಂದೆ, ಕಿವಿಗೆ ಬೆಳ್ಳಿ ಬಣ್ಣದ ಒಂದು ಯಂತ್ರ ಸಿಕ್ಕಿಸಿಕೊಂಡು ಕೂತಿರುತ್ತಿದ್ದವರು. ಅಮೆರಿಕದಲ್ಲಿ ಅದು ಬಂದದ್ದು 1966ರಿಂದ 1969ರವರೆಗೆ. ನಮಗೆ ಸಿಕ್ಕಿದ್ದು 80ರ ದಶಕದಲ್ಲಿ, ದೂರದರ್ಶನದಲ್ಲಿ, ಭಾನುವಾರ ಬೆಳಗ್ಗೆ.

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಎದುರು ಮನೆಯವರ ನಡುಮನೆಯಲ್ಲಿ ಚಾಪೆ ಹಾಸಿರುತ್ತಿತ್ತು. ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಸ್ನಾನಕ್ಕೂ ಮುಂಚೆ ಅಲ್ಲಿಗೆ ಓಡುತ್ತಿದ್ದೆ. ಇಂಗ್ಲಿಷ್ ಒಂದಕ್ಷರ ತಿಳಿಯುತ್ತಿರಲಿಲ್ಲ. ಚೂಪು ಕಿವಿಯವನು ಒಳ್ಳೆಯವನೋ ಕೆಟ್ಟವನೋ ಗೊತ್ತಾಗಲು ಎರಡು ವಾರ ಬೇಕಾಯಿತು. ಆದರೆ ಆ ಹೆಂಗಸು ಏನು ಮಾಡುತ್ತಿದ್ದಾಳೆ ಅಂತ ಮೊದಲ ದಿನವೇ ಅರ್ಥವಾಯಿತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ. ಅವಳು ಕುರ್ಚಿ ತಿರುಗಿಸಿ ಏನೋ ಹೇಳಿದ ಕೂಡಲೇ ಹಡಗಿನ ಅಷ್ಟೂ ಗಂಡಸರು ಎಚ್ಚರವಾಗುತ್ತಿದ್ದರು.

ಇನ್ನೊಂದು ವಿಷಯ. ಇದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಬಣ್ಣ ಕಪ್ಪು. ಮನೆಗೆ ಬಂದ ನೆಂಟರೆಲ್ಲ ಅದನ್ನೇ ಮಾತಾಡುತ್ತಿದ್ದರು. ಕಡಲೆಹಿಟ್ಟು ಹಚ್ಚಿ, ಕೇಸರಿ ಹಾಲು ಕೊಡಿ, ಇವಳಿಗೆ ಗಂಡು ಹುಡುಕುವುದು ಕಷ್ಟ ಅಂತ ನನ್ನ ಎದುರೇ ಹೇಳುತ್ತಿದ್ದರು. ಆಗ ನನಗೆ ಹನ್ನೊಂದು ವರ್ಷ. ಟಿವಿಯಲ್ಲಿ ನನಗಿಂತ ಕಪ್ಪಗಿದ್ದ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆ ಹಡಗಿನಲ್ಲಿ ಯಾರೂ ಅವಳ ಬಣ್ಣದ ಮಾತೇ ಎತ್ತಲಿಲ್ಲ. ಅದು ಬ್ಲಾಕ್ ಅಂಡ್ ವೈಟ್ ಟಿವಿ. ಅವರ ಅಂಗಿ ಕೆಂಪು ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ.

ನೀವೆಲ್ಲ ಅವರನ್ನು ಎಲ್ಲಿ ನೋಡಿದಿರಿ? ಸುಮ್ನೆ ಬರೆಯಿರಿ. ಇವತ್ತು ಅವರ ಬಗ್ಗೆ ಮಾತಾಡಬೇಕು ಅನ್ನಿಸುತ್ತಿದೆ.

ಮಲೆನಾಡ ಮೇಷ್ಟ್ರು · 1 ಆಗಸ್ಟ್ 2022

ಒಂಟಿಕೊಪ್ಪಲು ಅವರೇ, ಓದಿ ಗಂಟಲು ಕಟ್ಟಿತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಈ ತಾಯಿಯ ಕಥೆಯನ್ನು ಪ್ರತಿ ವರ್ಷ ಹತ್ತನೇ ತರಗತಿಯ ಮಕ್ಕಳಿಗೆ ಹೇಳುತ್ತಿದ್ದೆ.

ಒಂದು ಸಣ್ಣ ತಿದ್ದುಪಡಿ. ಆ ಹಡಗಿನಲ್ಲಿ ಅವರ ಬಣ್ಣದ ಮಾತು ಒಂದು ಸಲ ಬಂದಿದೆ. ಮೂರನೇ ಸೀಸನ್ನಿನ ಕೊನೆಯ ಹೊತ್ತಿಗೆ ಬಂದ ಒಂದು ಕಂತಿನಲ್ಲಿ ಅಬ್ರಹಾಂ ಲಿಂಕನ್ ರೂಪದ ಪಾತ್ರವೊಂದು ಹಡಗಿಗೆ ಬರುತ್ತದೆ. ಉಹುರಾಳನ್ನು ನೋಡಿ, ತನ್ನ ಕಾಲದಲ್ಲಿ ಕಪ್ಪು ಹೆಂಗಸರಿಗೆ ಬಳಸುತ್ತಿದ್ದ ಪದವನ್ನೇ ಆಡಿಬಿಡುತ್ತದೆ. ತಕ್ಷಣ ಕ್ಷಮೆ ಕೇಳುತ್ತದೆ. ಉಹುರಾಗೆ ಸಿಟ್ಟು ಬರುವುದಿಲ್ಲ. ನಮ್ಮ ಶತಮಾನದಲ್ಲಿ ನಾವು ಪದಗಳಿಗೆ ಹೆದರುವುದನ್ನು ಬಿಟ್ಟಿದ್ದೇವೆ ಅನ್ನುವ ಅರ್ಥದ ಮಾತಾಡಿ ನಗುತ್ತಾಳೆ. ಆ ಕಂತು ಬಂದದ್ದು 1969ರ ಮಾರ್ಚಿನಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ.

ಕಿಂಗ್ ಹೆಸರು ಬಂದಮೇಲೆ ಆ ಕಥೆ ಹೇಳದೆ ಹೇಗೆ ಇರಲಿ? ಹಲವರಿಗೆ ಗೊತ್ತಿರಬಹುದು. ಮೊದಲ ಸೀಸನ್ ಮುಗಿಯುವ ಹೊತ್ತಿಗೆ ನಿಶೆಲ್ ಅವರಿಗೆ ಬೇಸರ ಬಂದಿತ್ತು. ಅವರು ಮೊದಲಿನಿಂದ ರಂಗಭೂಮಿಯವರು, ಹಾಡುಗಾರ್ತಿ, ನೃತ್ಯ ಕಲಿತವರು. ಚಿಕ್ಕ ವಯಸ್ಸಿಗೇ ಡ್ಯೂಕ್ ಎಲಿಂಗ್ಟನ್ ಅವರಂಥ ದೊಡ್ಡ ಸಂಗೀತಗಾರರ ಬ್ಯಾಂಡಿನ ಜೊತೆ ಹಾಡಿದವರು. ಇಲ್ಲಿ ನೋಡಿದರೆ ಬರೆದ ಮಾತುಗಳೂ ಚಿತ್ರೀಕರಣದ ಹೊತ್ತಿಗೆ ಕಡಿತವಾಗುತ್ತಿದ್ದವು. ನ್ಯೂಯಾರ್ಕಿನ ಬ್ರಾಡ್‌ವೇ ನಾಟಕರಂಗಕ್ಕೆ ಹೋಗುತ್ತೇನೆ ಅಂತ ನಿರ್ಧರಿಸಿ, ಧಾರಾವಾಹಿ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ಅವರಿಗೆ ಒಂದು ಶುಕ್ರವಾರ ಹೇಳಿಯೇ ಬಿಟ್ಟರು. ವಾರದ ಕೊನೆಯಲ್ಲಿ ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆಯ ಒಂದು ಸಮಾರಂಭ. ಅಲ್ಲಿ ಯಾರೋ ಬಂದು, ನಿಮ್ಮ ದೊಡ್ಡ ಅಭಿಮಾನಿಯೊಬ್ಬರು ಭೇಟಿಯಾಗಬೇಕಂತೆ ಅಂದರು. ತಿರುಗಿ ನೋಡಿದರೆ ಡಾಕ್ಟರ್ ಕಿಂಗ್!

ಅವರ ಮನೆಯಲ್ಲಿ ಮಕ್ಕಳಿಗೆ ನಿದ್ದೆಗೆಟ್ಟು ನೋಡಲು ಬಿಡುತ್ತಿದ್ದ ಒಂದೇ ಕಾರ್ಯಕ್ರಮ ಇದಂತೆ. ನಾನು ಬಿಡುತ್ತಿದ್ದೇನೆ ಅಂತ ನಿಶೆಲ್ ಹೇಳಿದಾಗ ಕಿಂಗ್ ಮುಖ ಗಂಭೀರವಾಯಿತು. ಬಿಡಲೇಕೂಡದು ಅಂದರು. ಮನೆಗೆಲಸದವಳ ಪಾತ್ರ ಅಲ್ಲ ಇದು, ನಾವು ಹೇಗೆ ಕಾಣಬೇಕೋ ಹಾಗೆ ಜಗತ್ತು ನಮ್ಮನ್ನು ಮೊದಲ ಸಲ ನೋಡುತ್ತಿದೆ ಅಂದರು. ನೀವು ಎದ್ದು ಹೋದರೆ ಆ ಕುರ್ಚಿಯಲ್ಲಿ ಯಾರನ್ನು ಬೇಕಾದರೂ ಕೂರಿಸುತ್ತಾರೆ ಅಂದರು. ಸೋಮವಾರ ನಿಶೆಲ್ ವಾಪಸ್ ಹೋದರು. ರಾಡನ್‌ಬೆರಿ ಇದನ್ನು ಕೇಳಿ ಕಣ್ಣೀರು ಹಾಕಿದರು ಅಂತ ನಿಶೆಲ್ ಜೀವನವಿಡೀ ಹೇಳುತ್ತಿದ್ದರು.

ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಈ ಕಥೆ ಹೇಳುವಾಗ ಆ ಶನಿವಾರ ಭಾನುವಾರವನ್ನೇ ನೆನೆಸುತ್ತಿದ್ದೆ. ಆ ಎರಡು ದಿನ ಅವರು ಮನೆಯಲ್ಲಿ ಏನು ಯೋಚಿಸಿರಬಹುದು! ಬಿಟ್ಟು ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಹೊಸ ನೋಡುಗ · 1 ಆಗಸ್ಟ್ 2022, ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಮೊದಲ ವರ್ಷ. ಹಳೆಯ ಸ್ಟಾರ್ ಟ್ರೆಕ್ಕನ್ನು ಲಾಕ್‌ಡೌನ್‌ನಲ್ಲಿ ಮೊಬೈಲಿನಲ್ಲಿ ನೋಡಿದೆ. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ಇಲ್ಲ. ನಿಜವಾಗಿಯೂ ಅರ್ಥ ಮಾಡಿಕೊಳ್ಳಲು ಕೇಳುತ್ತಿದ್ದೇನೆ.

ಕೆಲವು ಕಂತುಗಳಲ್ಲಿ ಉಹುರಾಗೆ ಇರುವುದು ಮೂರೋ ನಾಲ್ಕೋ ಮಾತು. "ಹೇಲಿಂಗ್ ಫ್ರೀಕ್ವೆನ್ಸೀಸ್ ಓಪನ್, ಸರ್." ಅಂದರೆ ಸಂಪರ್ಕದ ದಾರಿ ತೆರೆದಿದೆ ಅಂತ ಹೇಳುವುದು. ಅಷ್ಟೇ. ಗಂಡಸರೆಲ್ಲ ಗ್ರಹಗಳಿಗೆ ಇಳಿಯುತ್ತಾರೆ, ಅವರು ಹೆಚ್ಚಿನ ಸಲ ಹಡಗಿನಲ್ಲೇ ಕೂತಿರುತ್ತಾರೆ. ಆ ಗಿಡ್ಡ ಲಂಗ ಬೇರೆ. ಇವತ್ತಿನ ಕಣ್ಣಿಗೆ ಅದು ಫೋನ್ ಎತ್ತಿ ಕೊಡುವ ಕೆಲಸದ ಹಾಗೆ ಕಾಣುತ್ತದೆ. ನಿಶೆಲ್ ಅವರಿಗೇ ಬೇಸರ ಬಂದಿತ್ತು ಅಂತ ಮೇಷ್ಟ್ರೂ ಬರೆದಿದ್ದಾರೆ. ಹಾಗಾದರೆ ನಾವು ಹೊಗಳುತ್ತಿರುವುದು ಪಾತ್ರವನ್ನೋ, ಅವರನ್ನೋ?

ಟ್ರಂಕ್ ಕಾಲ್ · 2 ಆಗಸ್ಟ್ 2022

ಹೊಸ ನೋಡುಗ, ನಿನ್ನ ಪ್ರಶ್ನೆ ಒಳ್ಳೆಯದು ಕಣಪ್ಪಾ. ಕೇಳಿದ್ದಕ್ಕೆ ಬೇಜಾರಿಲ್ಲ. ಆದರೆ ಆ "ಫೋನ್ ಎತ್ತಿ ಕೊಡುವ ಕೆಲಸ" ಅನ್ನುವ ಮಾತಿಗೆ ನಾನು ಉತ್ತರ ಕೊಡಲೇಬೇಕು. ನಮ್ಮ ಅಮ್ಮ ದಾವಣಗೆರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು.

ಟ್ರಂಕ್ ಕಾಲ್ ಕಾಲ ನಿನಗೆ ಗೊತ್ತಿರಲಿಕ್ಕಿಲ್ಲ. ಬೇರೆ ಊರಿಗೆ ಮಾತಾಡಬೇಕಾದರೆ ಮೊದಲು ಬುಕ್ ಮಾಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ ಬೇರೆ ಬೇರೆ. ಆಮೇಲೆ ಗಂಟೆಗಟ್ಟಲೆ ಕಾಯಬೇಕು. ಅಮ್ಮ ತಲೆಗೆ ಹೆಡ್‌ಸೆಟ್ ಹಾಕಿಕೊಂಡು ದೊಡ್ಡ ಬೋರ್ಡಿನ ಮುಂದೆ ಕೂರುತ್ತಿದ್ದರು. ಒಂದು ಕೈಯಲ್ಲಿ ಪ್ಲಗ್ಗು, ಇನ್ನೊಂದು ಕೈಯಲ್ಲಿ ಪೆನ್ನು. ಮಳೆ ಬಂದರೆ ಲೈನಿನಲ್ಲಿ ಬರೀ ಗೊರಗೊರ ಸದ್ದು. ಆ ಸದ್ದಿನೊಳಗಿಂದ ಮನುಷ್ಯರ ದನಿ ಹುಡುಕಿ ತೆಗೆಯಬೇಕು. ಊರಿನ ಎಷ್ಟೋ ಮನೆಗಳ ಸಾವಿನ ಸುದ್ದಿ ಮನೆಯವರಿಗಿಂತ ಮೊದಲು ಅಮ್ಮನ ಕಿವಿಗೆ ಬೀಳುತ್ತಿತ್ತು. ಮನೆಗೆ ಬಂದು ಒಂದು ಮಾತೂ ಹೇಳುತ್ತಿರಲಿಲ್ಲ. ಅವತ್ತು ಅಡುಗೆಗೆ ಉಪ್ಪು ಜಾಸ್ತಿ ಆಗಿದ್ದರೆ ನಮಗೆ ಗೊತ್ತಾಗುತ್ತಿತ್ತು.

ರಾತ್ರಿ ಪಾಳಿ ಮಾಡುವ ಹೆಂಗಸು ಅಂತ ಬೀದಿಯಲ್ಲಿ ಏನೇನೋ ಆಡಿಕೊಳ್ಳುತ್ತಿದ್ದರು. ಅದು ನನಗೂ ಕೇಳಿಸುತ್ತಿತ್ತು.

ಒಂದು ಭಾನುವಾರ ಅಮ್ಮ ರಾತ್ರಿ ಪಾಳಿ ಮುಗಿಸಿ ಬಂದಾಗ ಟಿವಿಯಲ್ಲಿ ಇದು ಬರುತ್ತಿತ್ತು. ಅಮ್ಮ ಚಪ್ಪಲಿ ಬಿಡುತ್ತಾ ಬಿಡುತ್ತಾ ಹಾಗೇ ನಿಂತು ನೋಡಿದರು. ಉಹುರಾ ಕಿವಿಗೆ ಕೈ ಹಿಡಿದು, ಹುಬ್ಬು ಗಂಟು ಹಾಕಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. "ಇವಳು ನಮ್ಮ ಡಿಪಾರ್ಟ್‌ಮೆಂಟಿನವಳು" ಅಂದರು ಅಮ್ಮ. ಅವರ ಮುಖದಲ್ಲಿ ಅಂಥ ನಗು ನಾನು ಮೊದಲು ನೋಡಿರಲಿಲ್ಲ. ಆಮೇಲೆ ಹೇಳಿದರು: "ಗಂಡಸರು ಜಗಳ ಆಡೋದೆಲ್ಲ ಆಮೇಲಿನ ಮಾತು. ಆ ಕಡೆ ಇರೋನು ಯಾರು, ಏನಂತಾನೆ ಅಂತ ಮೊದಲು ಇವಳು ಕೇಳಿ ಹೇಳಬೇಕಲ್ಲ."

ಹಾಗಾಗಿ ನನಗೆ ಆ ಮೂರು ನಾಲ್ಕು ಮಾತು ಸಣ್ಣದಾಗಿ ಕಾಣುವುದಿಲ್ಲ. ಕೇಳಿಸಿಕೊಳ್ಳುವುದನ್ನು ಅಷ್ಟು ಚೆನ್ನಾಗಿ ಅಭಿನಯಿಸಿದವರನ್ನು ನಾನು ಬೇರೆ ಕಂಡಿಲ್ಲ. ಅದನ್ನು ಮಾತಿಲ್ಲದೆ ಮಾಡಬೇಕು. ಕಣ್ಣು, ಕತ್ತು, ಆ ಎರಡು ಬೆರಳು, ಇಷ್ಟರಲ್ಲೇ.

ಮಲೆನಾಡ ಮೇಷ್ಟ್ರು · 2 ಆಗಸ್ಟ್ 2022

ಟ್ರಂಕ್ ಕಾಲ್ ಅಮ್ಮಾ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಹೊಸ ನೋಡುಗ, ಎರಡನೇ ಸೀಸನ್ನಿನಲ್ಲಿ ಗ್ರೀಕ್ ದೇವರು ಅಪೊಲೋ ಬರುವ ಕಂತು ಇದೆ. ಅದನ್ನು ಇನ್ನೊಮ್ಮೆ ನೋಡು. ಅದರಲ್ಲಿ ಉಹುರಾ ತನ್ನ ಯಂತ್ರದ ಹೊಟ್ಟೆ ಬಿಚ್ಚಿ, ಕೈಯಲ್ಲಿ ಉಪಕರಣ ಹಿಡಿದು ತಾನೇ ರಿಪೇರಿ ಮಾಡುತ್ತಾಳೆ. ಬಹಳ ಸೂಕ್ಷ್ಮ ಕೆಲಸ, ಇಂಥದ್ದು ಮಾಡಿ ವರ್ಷಗಳಾಯಿತು ಅಂತ ಅವಳೇ ಹೇಳಿದಾಗ, ಇದಕ್ಕೆ ನಿಮಗಿಂತ ತಕ್ಕವರು ನನಗೆ ಹೊಳೆಯುತ್ತಿಲ್ಲ ಅಂತ ಆ ಚೂಪು ಕಿವಿಯ ಸ್ಪಾಕ್ ಹೇಳುತ್ತಾನೆ. 1967ರಲ್ಲಿ ಒಬ್ಬ ಕಪ್ಪು ಹೆಂಗಸು ಸರ್ಕಿಟ್ ರಿಪೇರಿ ಮಾಡುವ ದೃಶ್ಯ! ನಾನು ಅದನ್ನು ಮಕ್ಕಳಿಗೆ ತೋರಿಸಲೆಂದೇ ಒಂದು ಸಿಡಿ ಇಟ್ಟುಕೊಂಡಿದ್ದೆ.

ಹೆಸರಿನ ಬಗ್ಗೆಯೂ ಒಂದು ಮಾತು. ಸ್ವಾಹಿಲಿ ಭಾಷೆಯಲ್ಲಿ ಉಹುರು ಅಂದರೆ ಸ್ವಾತಂತ್ರ್ಯ. ಅದನ್ನೇ ಸ್ವಲ್ಪ ಮೆತ್ತಗೆ ಮಾಡಿ ಉಹುರಾ ಅಂತ ಇಟ್ಟರು. ಅವಳ ಮೊದಲ ಹೆಸರು ನ್ಯೋಟಾ. ಅದಕ್ಕೆ ಅದೇ ಭಾಷೆಯಲ್ಲಿ ನಕ್ಷತ್ರ ಅಂತ ಅರ್ಥ.

ನ್ಯೂಜೆರ್ಸಿ ಕನ್ನಡಿಗ · 2 ಆಗಸ್ಟ್ 2022

ಇಲ್ಲಿ ಎರಡು ದಿನದಿಂದ ಟಿವಿ, ರೇಡಿಯೋ ಎಲ್ಲ ಕಡೆ ಇವರದ್ದೇ ಸುದ್ದಿ. ಆದರೆ ಹೆಚ್ಚಿನವರು ಹೇಳುತ್ತಿರುವುದು ಆ ಒಂದು ಮುತ್ತಿನ ಕಥೆ. 1968ರ ನವೆಂಬರ್ 22ರಂದು ಬಂದ ಕಂತಿನಲ್ಲಿ ಕ್ಯಾಪ್ಟನ್ ಕರ್ಕ್ ಆಗಿದ್ದ ವಿಲಿಯಂ ಶಾಟ್ನರ್ ಜೊತೆಗಿನದ್ದು. ಅಮೆರಿಕದ ಟಿವಿಯಲ್ಲಿ ಬಿಳಿ ಕಪ್ಪು ಜೋಡಿಯ ಮೊದಲ ಮುತ್ತು ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ಸ್ವಲ್ಪ ಹುಷಾರಾಗಿ ಹೇಳಬೇಕು. ಬ್ರಿಟನ್ ಟಿವಿಯಲ್ಲಿ ಅದಕ್ಕೂ ಮುಂಚೆಯೇ ಇಂಥದ್ದು ಬಂದಿತ್ತು, ಇಲ್ಲೂ ಸಣ್ಣಪುಟ್ಟ ಉದಾಹರಣೆಗಳಿವೆ. ಆದರೆ ಅದು ಎಷ್ಟು ದೊಡ್ಡ ಮಾತಾಗಿತ್ತು ಅಂದರೆ, ದಕ್ಷಿಣದ ರಾಜ್ಯಗಳ ಸ್ಟೇಷನ್‌ಗಳು ಏನನ್ನುತ್ತವೋ ಅಂತ ಧಾರಾವಾಹಿ ಪ್ರಸಾರ ಮಾಡುತ್ತಿದ್ದ ಎನ್‌ಬಿಸಿ ಚಾನೆಲ್ ಹೆದರಿತ್ತು. ಮುತ್ತಿಲ್ಲದ ಇನ್ನೊಂದು ಶಾಟ್ ಕೂಡ ತೆಗೆಯಿರಿ ಅಂದರು. ಶಾಟ್ನರ್, ನಿಶೆಲ್ ಇಬ್ಬರೂ ಬೇಕಂತಲೇ ಆ ಶಾಟುಗಳನ್ನು ಕೆಡಿಸಿದರು ಅಂತ ನಿಶೆಲ್ ಹೇಳಿದ್ದಾರೆ. ಕೊನೆಗೆ ಮುತ್ತಿದ್ದ ಶಾಟೇ ಹೋಯಿತು. ಬಿಳಿಯರು ಕಪ್ಪು ಜನರನ್ನು ಮದುವೆಯಾಗಬಾರದು ಅನ್ನುವ ಕಾನೂನು 1967ರ ಜೂನ್‌ವರೆಗೂ 16 ರಾಜ್ಯಗಳಲ್ಲಿತ್ತು. ಅಂದರೆ ಆ ಕಾನೂನು ಬಿದ್ದು ಇನ್ನೂ ಒಂದೂವರೆ ವರ್ಷ ಆಗಿತ್ತು ಅಷ್ಟೇ.

ಹೊಸ ನೋಡುಗ ಕೇಳಿದ್ದಾನಲ್ಲ, ಪಾತ್ರವನ್ನೋ ಅವರನ್ನೋ ಅಂತ. ನನ್ನ ಮಟ್ಟಿಗೆ ಉತ್ತರ ಇರುವುದು ಧಾರಾವಾಹಿ ಮುಗಿದಮೇಲೆ.

1975ರಲ್ಲಿ ಶಿಕಾಗೋದ ಒಂದು ಅಭಿಮಾನಿಗಳ ಸಮಾವೇಶದಲ್ಲಿ ನಿಶೆಲ್ ಅವರು ನಾಸಾದ ವಿಜ್ಞಾನಿ ಜೆಸ್ಕೋ ಫಾನ್ ಪುಟ್‌ಕಾಮರ್ ಅವರ ಭಾಷಣ ಕೇಳಿದರು. ಅಂತರಿಕ್ಷದ ಬಗ್ಗೆ ಆಸೆ ಹುಟ್ಟಿತು. ಜೊತೆಗೇ ಒಂದು ಪ್ರಶ್ನೆಯೂ. ಚಂದ್ರನ ಮೇಲೆ ನಡೆದ 12 ಜನರೂ ಬಿಳಿ ಗಂಡಸರು. ನನ್ನ ಜನ ಎಲ್ಲಿ? 1977ರ ಜನವರಿಯಲ್ಲಿ ಒಂದು ಸಭೆಯಲ್ಲಿ ನಾಸಾದವರ ಎದುರೇ ಇದನ್ನು ಕೇಳಿದರು. ಆಗ ನಾಸಾ ಶಟಲ್‌ಗೆ, ಅಂದರೆ ಅಂತರಿಕ್ಷಕ್ಕೆ ಹೋಗಿ ವಾಪಸ್ ಬರುವ ವಾಹನಕ್ಕೆ, ಹೊಸ ಗಗನಯಾತ್ರಿಗಳನ್ನು ಹುಡುಕುತ್ತಿತ್ತು. ಹೆಂಗಸರು, ಕಪ್ಪು ಜನರು ಅರ್ಜಿ ಹಾಕುತ್ತಲೇ ಇರಲಿಲ್ಲ. ಕರೆದರೂ ನಮ್ಮನ್ನು ತೆಗೆದುಕೊಳ್ಳುವುದಿಲ್ಲ ಅಂತ ಅವರಿಗೆ ಅನ್ನಿಸಿತ್ತು.

ಸರಿ, ಹಾಗಾದರೆ ನೀವೇ ಕರೆದು ತನ್ನಿ ಅಂತ ನಾಸಾ ಇವರಿಗೇ ಕೆಲಸ ಕೊಟ್ಟಿತು. ಅವರು ಒಂದು ಷರತ್ತು ಹಾಕಿದರು. ಯೋಗ್ಯರಾದವರನ್ನು ನಾನು ಕರೆತಂದ ಮೇಲೂ ಮತ್ತೆ ಹಳೆಯ ಹಾಗೇ ಆರಿಸಿದರೆ, ನಾನು ಸುಮ್ಮನಿರುವುದಿಲ್ಲ, ಕೋರ್ಟಿಗೂ ಹೋಗುತ್ತೇನೆ ಅಂದರು. ನಾಲ್ಕು ತಿಂಗಳು ಊರೂರು ಸುತ್ತಿದರು. ಯೂನಿವರ್ಸಿಟಿಗಳು, ಕಂಪನಿಗಳು, ಟಿವಿ ಸ್ಟುಡಿಯೋಗಳು. ನೀಲಿ ಫ್ಲೈಟ್ ಸೂಟ್ ಹಾಕಿಕೊಂಡು ಒಂದು ಪ್ರಚಾರ ಚಿತ್ರದಲ್ಲೂ ನಿಂತರು. ಒಟ್ಟು 8 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. 1978ರ ಜನವರಿಯಲ್ಲಿ 35 ಜನರ ಪಟ್ಟಿ ಹೊರಬಿತ್ತು. ಅದರಲ್ಲಿ ಆರು ಹೆಂಗಸರು, ಮೂವರು ಕಪ್ಪು ಗಂಡಸರು, ಒಬ್ಬರು ಏಷ್ಯಾ ಮೂಲದವರು. ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ಆ ಪಟ್ಟಿಯವರೇ.

ನನ್ನ ಮಗಳನ್ನು ನ್ಯೂಯಾರ್ಕಿನ ಇಂಟ್ರೆಪಿಡ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಎಂಟರ್‌ಪ್ರೈಸ್ ಅನ್ನುವ ನಿಜವಾದ ಶಟಲ್ ಇದೆ. ಪರೀಕ್ಷೆಗೆಂದೇ ಮಾಡಿದ್ದು, ಅಂತರಿಕ್ಷಕ್ಕೆ ಹೋಗಲಿಲ್ಲ. ಅಭಿಮಾನಿಗಳು ಕಾಗದ ಬರೆದು ಬರೆದು ಅದಕ್ಕೆ ಆ ಹೆಸರು ಇಡಿಸಿದರು. 1976ರ ಸೆಪ್ಟೆಂಬರಿನಲ್ಲಿ ಅದನ್ನು ಹೊರಗೆ ತಂದಾಗ ತೆಗೆದ ಫೋಟೋದಲ್ಲಿ ನಿಶೆಲ್ ಕೂಡ ನಿಂತಿದ್ದಾರೆ. ಮಗಳಿಗೆ ಆಗ ಒಂಬತ್ತು ವರ್ಷ. ಶಟಲ್ ಕೆಳಗೆ ನಿಂತು ಈ ಕಥೆಯೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಪ್ಪಾ, ಅವರು ತಾವೇ ಯಾಕೆ ಹೋಗಲಿಲ್ಲ?" ಅಂದಳು. ಉತ್ತರ ಹೇಳಲು ನನಗೆ ಆಗಲಿಲ್ಲ.

ಸಾಲಗಾಮೆ ರಸ್ತೆ · 3 ಆಗಸ್ಟ್ 2022

ಹಾಸನದಿಂದ ಬರೆಯುತ್ತಿದ್ದೇನೆ. ಎಲ್ಲರ ಬರಹ ಓದಿದಮೇಲೆ ಒಂದು ವಿಷಯ ಹೇಳದೆ ಇರಲು ಆಗುತ್ತಿಲ್ಲ. ನಿಮಗೆಲ್ಲ ಇದು ಹೊಳೆದಿದೆಯೋ ಇಲ್ಲವೋ.

ನ್ಯೂಜೆರ್ಸಿ ಅಣ್ಣ ಹೇಳಿದ ಆ 35 ಜನರಲ್ಲಿ ಗೈಯಾನ್ ಬ್ಲೂಫೋರ್ಡ್ ಒಬ್ಬರು. ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್. ಅವರು ಹೋದದ್ದು 1983ರ ಆಗಸ್ಟ್ 30ರಂದು, ಚಾಲೆಂಜರ್ ಶಟಲ್‌ನಲ್ಲಿ. ಅದರ ಹೊಟ್ಟೆಯಲ್ಲಿ ಏನಿತ್ತು ಗೊತ್ತಾ? ನಮ್ಮ ಇನ್ಸಾಟ್-1ಬಿ!

ರಾತ್ರಿ ಹೊತ್ತಿನಲ್ಲಿ ಹಾರಿದ ಮೊದಲ ಶಟಲ್ ಅದು. ರಾತ್ರಿ ಹಾರಬೇಕಾಗಿ ಬಂದದ್ದೇ ನಮ್ಮ ಉಪಗ್ರಹವನ್ನು ಸರಿಯಾದ ಜಾಗಕ್ಕೆ ಬಿಡುವ ಲೆಕ್ಕಾಚಾರಕ್ಕಾಗಿ. ಮಾರನೇ ದಿನ ಆ ತಂಡ ಇನ್ಸಾಟನ್ನು ಹೊರಗೆ ಬಿಟ್ಟಿತು. ಅಲ್ಲಿಂದ ಮುಂದೆ ಅದನ್ನು ನೋಡಿಕೊಂಡದ್ದು ನಮ್ಮ ಊರಿನ ಎಂಸಿಎಫ್, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಹಿಂದಿನ ವರ್ಷ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತ್ತು. ಇದಕ್ಕೂ ಸೋಲಾರ್ ಪ್ಯಾನೆಲ್ ತಕ್ಷಣ ಬಿಚ್ಚಿಕೊಳ್ಳಲಿಲ್ಲ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅಂತೂ ಸರಿಹೋಯಿತು.

ನಮ್ಮ ಅಪ್ಪ ಆಗ ಆ ಕಡೆ ಮನೆಗಳಿಗೆ ಹಾಲು ಹಾಕುತ್ತಿದ್ದರು. ಬೆಳಗಿನ ಜಾವ ಸೈಕಲ್ಲಿನಲ್ಲಿ ಹೋಗುವಾಗ ಆ ದೊಡ್ಡ ತಟ್ಟೆ ಆಂಟೆನಾಗಳ ಕಡೆ ದೀಪ ಉರಿಯುತ್ತಲೇ ಇರುತ್ತಿತ್ತಂತೆ. ಒಳಗಿದ್ದವರು ನಿದ್ದೆ ಮಾಡಿಲ್ಲ ಪಾಪ ಅಂತ ಹೇಳುತ್ತಿದ್ದರು.

ಆ ಇನ್ಸಾಟ್-1ಬಿ ಬಂದಮೇಲೆ ತಾನೇ ದೇಶದ ತುಂಬ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್ ಸಾಲಾಗಿ ಎದ್ದದ್ದು, ಊರೂರಿಗೆ ದೂರದರ್ಶನ ಬಂದದ್ದು! ಈಗ ಒಂಟಿಕೊಪ್ಪಲು ಅಕ್ಕನ ಚಾಪೆಯ ಹತ್ತಿರ ಬನ್ನಿ. ನಿಶೆಲ್ ಊರೂರು ಸುತ್ತಿದ ವರ್ಷ ಅರ್ಜಿ ಹಾಕಿ ಆಯ್ಕೆಯಾದ ಮನುಷ್ಯ ಹೋಗಿ ಒಂದು ಉಪಗ್ರಹ ಬಿಟ್ಟು ಬರುತ್ತಾರೆ. ಆ ಉಪಗ್ರಹ ನಮ್ಮ ಊರುಗಳಿಗೆ ಟಿವಿ ತರುತ್ತದೆ. ಆ ಟಿವಿಯಲ್ಲಿ ಭಾನುವಾರ ಬೆಳಗ್ಗೆ ನಿಶೆಲ್ ಕಿವಿಗೆ ಕೈ ಹಿಡಿದು ಕೂತಿರುತ್ತಾರೆ.

ನಿನ್ನೆ ರಾತ್ರಿ ಇದನ್ನು ಯೋಚಿಸುತ್ತಾ ನಿದ್ದೆ ಬರಲಿಲ್ಲ.

ಒಂಟಿಕೊಪ್ಪಲು · 3 ಆಗಸ್ಟ್ 2022

ಸಾಲಗಾಮೆ ರಸ್ತೆ, ನಿಮ್ಮ ಬರಹವನ್ನು ಮೂರು ಸಲ ಓದಿದೆ. ಆಮೇಲೆ ಎದುರು ಮನೆಯ ಆಂಟಿಗೆ ಫೋನ್ ಮಾಡಿದೆ. ಈಗ ಅವರು ಬೆಂಗಳೂರಿನಲ್ಲಿ ಮಗನ ಜೊತೆ ಇದ್ದಾರೆ. "ನಿಮ್ಮ ಟಿವಿಗೆ ಸಿಗ್ನಲ್ ಹೇಗೆ ಬರುತ್ತಿತ್ತು ಗೊತ್ತಾ ಆಂಟಿ" ಅಂತ ಎಲ್ಲ ಹೇಳಿದೆ. ಅವರಿಗೆ ನಾನು ಅಳುತ್ತಿರುವುದು ಯಾಕೆ ಅಂತ ತಿಳಿಯಲಿಲ್ಲ.

ನ್ಯೂಜೆರ್ಸಿ ಕನ್ನಡಿಗ · 3 ಆಗಸ್ಟ್ 2022

ಹಾಸನದ ತಮ್ಮಾ, ನಲವತ್ತು ವರ್ಷದಿಂದ ಈ ವಿಷಯಗಳನ್ನು ಓದುತ್ತಿದ್ದೇನೆ. ಎರಡೂ ಗೊತ್ತಿತ್ತು. ಒಂದಕ್ಕೊಂದು ಜೋಡಿಸಿ ನೋಡಿರಲಿಲ್ಲ.

ಆ ಪಟ್ಟಿಯ ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ರೊನಾಲ್ಡ್ ಮೆಕ್ನೇರ್. ದಕ್ಷಿಣ ಕೆರೊಲಿನಾದ ಲೇಕ್ ಸಿಟಿ ಅನ್ನುವ ಸಣ್ಣ ಊರಿನವರು. 1959ರಲ್ಲಿ, ಒಂಬತ್ತು ವರ್ಷದ ಹುಡುಗ ಲೈಬ್ರರಿಗೆ ಹೋಗಿ ಪುಸ್ತಕ ಕೇಳಿದರೆ ಕಪ್ಪು ಜನರಿಗೆ ಕೊಡುವುದಿಲ್ಲ ಅಂದರು. ಹುಡುಗ ಕದಲಲಿಲ್ಲ. ಪೊಲೀಸರನ್ನು ಕರೆಸಿದರು. ಕೊನೆಗೂ ಅವತ್ತು ಪುಸ್ತಕ ತೆಗೆದುಕೊಂಡೇ ಮನೆಗೆ ಹೋದರು. ಸ್ಟಾರ್ ಟ್ರೆಕ್ ನೋಡುವಾಗ ಉಳಿದವರಿಗೆ ಅದು ಕಟ್ಟುಕಥೆಯಾಗಿ ಕಂಡರೆ, ತಮ್ಮನಿಗೆ ಅದು ನಾಳೆ ಆಗುವ ಸಂಗತಿಯಾಗಿ ಕಾಣುತ್ತಿತ್ತು ಅಂತ ಅವರ ಅಣ್ಣ ಕಾರ್ಲ್ ಹೇಳಿದ್ದಾರೆ. 1984ರಲ್ಲಿ ಅಂತರಿಕ್ಷಕ್ಕೆ ಹೋದರು. ಸ್ಯಾಕ್ಸೊಫೋನ್ ಜೊತೆಗೆ ಒಯ್ದಿದ್ದರು.

1986ರ ಜನವರಿ 28ರಂದು ಚಾಲೆಂಜರ್ ಒಡೆದುಹೋದಾಗ ಒಳಗಿದ್ದ ಏಳು ಜನರಲ್ಲಿ ನಾಲ್ವರು 1978ರ ಪಟ್ಟಿಯವರು. ಮೆಕ್ನೇರ್, ಜೂಡಿತ್ ರೆಸ್ನಿಕ್, ಎಲಿಸನ್ ಒನಿಜುಕಾ, ಡಿಕ್ ಸ್ಕೋಬಿ. ಬನ್ನಿ, ನಿಮಗೂ ಜಾಗ ಇದೆ ಅಂತ ಊರೂರು ಕರೆದವರಿಗೆ ಆ ದಿನ ಹೇಗಾಗಿರಬೇಡ. ಆಮೇಲೂ ಅವರು ಕರೆಯುವುದನ್ನು ನಿಲ್ಲಿಸಲಿಲ್ಲ. ಲೇಕ್ ಸಿಟಿಯ ಆ ಲೈಬ್ರರಿ ಕಟ್ಟಡಕ್ಕೆ ಈಗ ಮೆಕ್ನೇರ್ ಹೆಸರಿದೆ.

ಹೊಸ ನೋಡುಗ · 4 ಆಗಸ್ಟ್ 2022

ಮೇಷ್ಟ್ರೇ, ನೀವು ಹೇಳಿದ ಕಂತು ನೋಡಿದೆ. ಟ್ರಂಕ್ ಕಾಲ್ ಆಂಟಿ, ನಿಮ್ಮ ಬರಹ ಓದಿದಮೇಲೆ ಬೇರೆ ಮೂರು ಕಂತು ಕೂಡ ನೋಡಿದೆ, ಈ ಸಲ ಅವರನ್ನೊಬ್ಬರನ್ನೇ. ಮಾತಿಲ್ಲದಾಗ ಅವರು ಏನು ಮಾಡುತ್ತಾರೆ ಅಂತ. ಹಿಂದೆ ಯಾರೋ ಮಾತಾಡುತ್ತಿದ್ದರೆ ಅವರ ಕತ್ತು ಒಂದಿಷ್ಟೇ ತಿರುಗುತ್ತದೆ. ಕೈ ನಿಲ್ಲುವುದೇ ಇಲ್ಲ. ಮೊದಲ ಸಲ ನಾನು ಇದನ್ನು ನೋಡೇ ಇರಲಿಲ್ಲ.

ಆದರೂ ಒಂದು ಮಾತು ಉಳಿದಿದೆ, ಹೇಳುತ್ತೇನೆ. ಅಷ್ಟು ಒಳ್ಳೆಯ ಕಲಾವಿದೆಗೆ ಇನ್ನೂ ಜಾಸ್ತಿ ಕೊಡಬೇಕಿತ್ತು. ಆ ಸಿಟ್ಟು ನನಗೆ ಹೋಗಿಲ್ಲ. ಅವರು ಉಳಿದುಕೊಂಡದ್ದು ದೊಡ್ಡದು ಅಂತ ನಾವು ಹೇಳುವಾಗ, ಅವರು ಬಿಟ್ಟುಕೊಟ್ಟದ್ದನ್ನೂ ಹೇಳಬೇಕು ಅಲ್ವಾ? ಬ್ರಾಡ್‌ವೇಯಲ್ಲಿ ಅವರು ಹಾಡಬಹುದಾಗಿದ್ದ ಹಾಡುಗಳನ್ನು ನಾವ್ಯಾರೂ ಕೇಳಲಿಲ್ಲ.

ಟ್ರಂಕ್ ಕಾಲ್ · 4 ಆಗಸ್ಟ್ 2022

ಆ ಸಿಟ್ಟು ಇರಲಿ ಕಣಪ್ಪಾ. ಅದನ್ನು ಬಿಡಬೇಡ. ನಮ್ಮ ಅಮ್ಮನಿಗೂ ತುಂಬ ಚೆನ್ನಾಗಿ ಹಾಡಲು ಬರುತ್ತಿತ್ತು.

ಒಂಟಿಕೊಪ್ಪಲು · 4 ಆಗಸ್ಟ್ 2022

ಹೊಸ ನೋಡುಗ ಹೇಳಿದ್ದನ್ನು ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ. ಹೌದು, ಅವರಿಗೆ ಕೊಟ್ಟದ್ದು ಸಣ್ಣ ಜಾಗ. ಅದನ್ನು ದೊಡ್ಡದು ಅಂತ ನಾನೂ ಹೇಳುವುದಿಲ್ಲ. ಆದರೆ ಅವರು ಅಲ್ಲಿ ಸುಮ್ಮನೆ ಕೂತಿರಲಿಲ್ಲ. ಕೂತಲ್ಲಿಂದಲೇ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿದರು. ನನಗೆ ಅವರು ಇಷ್ಟು ಬೇಕಾದವರಾಗಿರುವುದು ಅದಕ್ಕೇ.

ಮೇ ಜೆಮಿಸನ್ ಅನ್ನುವ ಹುಡುಗಿ ಶಿಕಾಗೋದಲ್ಲಿ ಬೆಳೆಯುತ್ತಾ ಉಹುರಾಳನ್ನು ನೋಡಿದಳು. ದೊಡ್ಡವಳಾಗಿ ಡಾಕ್ಟರ್ ಆದಳು. 1992ರ ಸೆಪ್ಟೆಂಬರಿನಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದಳು. ಅಲ್ಲಿ ಪ್ರತಿ ಪಾಳಿಯನ್ನೂ ಉಹುರಾಳ ಮಾತಿನಿಂದಲೇ ಶುರು ಮಾಡುತ್ತಿದ್ದಳು. ಹೇಲಿಂಗ್ ಫ್ರೀಕ್ವೆನ್ಸೀಸ್ ಓಪನ್. ಸಣ್ಣ ಮಾತು ಅಂದಿದ್ದೆಯಲ್ಲ ಮಗಾ, ಅದೇ ಮಾತು.

ನ್ಯೂಜೆರ್ಸಿ ಅವರೇ, ನಿಮ್ಮ ಮಗಳಿಗೆ ಇದನ್ನೂ ಹೇಳಿ. 2015ರಲ್ಲಿ, 82ನೇ ವಯಸ್ಸಿನಲ್ಲಿ, ಆ ವರ್ಷವೇ ಸಣ್ಣ ಸ್ಟ್ರೋಕ್ ಆಗಿ ಚೇತರಿಸಿಕೊಂಡ ಮೇಲೆ, ನಿಶೆಲ್ ನಾಸಾದ ಸೋಫಿಯಾ ವಿಮಾನ ಹತ್ತಿದರು. ಒಳಗೆ ದೊಡ್ಡ ದೂರದರ್ಶಕ ಇದ್ದ ವಿಮಾನ ಅದು. ಇಡೀ ರಾತ್ರಿ ಮೋಡಗಳಿಗಿಂತ ಎಷ್ಟೋ ಮೇಲೆ ಹಾರುತ್ತಿತ್ತು. ಅಂತರಿಕ್ಷದವರೆಗೆ ಹೋಗಲು ಆಗಲಿಲ್ಲ, ನಿಜ. ಆದರೆ ಅಷ್ಟು ಎತ್ತರಕ್ಕೆ ಹೋಗಿ ನಕ್ಷತ್ರ ನೋಡಿ ಬಂದರು.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಮಾಡಿದೆ. ಒಂದು ಕಾರ್ಖಾನೆಯಲ್ಲಿ 26 ವರ್ಷ ಸರ್ಕಿಟ್ ಬೋರ್ಡ್ ಪರೀಕ್ಷೆ ಮಾಡಿದೆ. ಸೇರಿದ ಹೊಸತರಲ್ಲಿ ಆ ವಿಭಾಗದಲ್ಲಿ ಹೆಂಗಸು ಅಂದರೆ ನಾನೊಬ್ಬಳೇ. ಎರಡು ಸಲ ರಾಜೀನಾಮೆ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಕೊಡಲಿಲ್ಲ. ನಾನು ನಿವೃತ್ತಿಯಾದ ದಿನ ಆ ವಿಭಾಗದಲ್ಲಿ ಹನ್ನೊಂದು ಜನ ಹುಡುಗಿಯರಿದ್ದರು. ಅವರಲ್ಲಿ ನಾಲ್ವರಿಗೆ ಕೆಲಸ ಕಲಿಸಿದವಳು ನಾನು.

ಸಾಲಗಾಮೆ ರಸ್ತೆ · 8 ಜನವರಿ 2024

ಹಳೆಯ ಚರ್ಚೆ ಮೇಲೆ ತರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಮಧ್ಯಾಹ್ನ ನಮ್ಮ ಸಮಯ 12:48ಕ್ಕೆ ಅಮೆರಿಕದ ಕೇಪ್ ಕೆನವೆರಲ್‌ನಿಂದ ಒಂದು ಹೊಸ ರಾಕೆಟ್ ಮೇಲೆದ್ದಿತು. ಅದರ ಹೆಸರು ವಲ್ಕನ್. ಸ್ಪಾಕ್ ಹುಟ್ಟಿದ ಗ್ರಹದ ಹೆಸರೂ ಅದೇ. ಅದರ ಮೇಲಿನ ಹಂತದಲ್ಲಿ ಸಣ್ಣ ಸಣ್ಣ ಡಬ್ಬಿಗಳಲ್ಲಿ ಕೆಲವರ ಚಿತಾಭಸ್ಮ ಇದೆ. ಜೀನ್ ರಾಡನ್‌ಬೆರಿ, ಡಾಕ್ಟರ್ ಮೆಕಾಯ್ ಆಗಿದ್ದ ಡಿಫಾರೆಸ್ಟ್ ಕೆಲಿ, ಸ್ಕಾಟಿ ಆಗಿದ್ದ ಜೇಮ್ಸ್ ಡೂಹನ್. ಜೊತೆಗೆ ನಿಶೆಲ್.

ಅದು ಭೂಮಿಗೆ ವಾಪಸ್ ಬರುವುದಿಲ್ಲ. ಚಂದ್ರನನ್ನೂ ದಾಟಿ ಹೋಗಿ ಸೂರ್ಯನ ಸುತ್ತ ತಿರುಗುತ್ತಾ ಇರುತ್ತದೆ. ಊಟದ ಹೊತ್ತಿನಲ್ಲಿ ಫೋನಿನಲ್ಲಿ ನೋಡಿದೆ. ಅಪ್ಪನಿಗೂ ತೋರಿಸಿದೆ.

ನ್ಯೂಜೆರ್ಸಿ ಕನ್ನಡಿಗ · 8 ಜನವರಿ 2024

ಇಲ್ಲಿ ರಾತ್ರಿ ಎರಡೂ ಕಾಲು. ಮಗಳೇ ನನ್ನನ್ನು ಎಬ್ಬಿಸಿದಳು. "ಅಪ್ಪಾ, ಈಗ ಹೋಗುತ್ತಿದ್ದಾರೆ" ಅಂದಳು.

ಟ್ರಂಕ್ ಕಾಲ್ · 9 ಜನವರಿ 2024

ನಿನ್ನೆ ಸಂಜೆ ಅಮ್ಮನಿಗೆ ವಿಡಿಯೋ ತೋರಿಸಿದೆ. ಈಗ ಅವರಿಗೆ 84. ಕಿವಿ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಜೋರಾಗಿ ಹೇಳಬೇಕು. ನಿಶೆಲ್ ಹೆಸರು ಅವರಿಗೆ ನೆನಪಿರಲಿಲ್ಲ. ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ತಮ್ಮ ಕಿವಿಯ ಹತ್ತಿರ ಎರಡು ಬೆರಳು ಒಯ್ದು ಕೇಳಿದರು: "ಹೀಗೆ ಕೂತಿರ್ತಿದ್ದಳಲ್ಲ, ಅವಳಾ?"